ಹೆಳವನ ಹೊತ್ತಗೆ, ಹಳೆಯ ಕೊಲೆಗಳು

‘ಒಂದು ಕೂದಲೆಳೆಯಿಂದ ಮನುಷ್ಯನ ಗುರುತು ಹಿಡಿಯುವಷ್ಟು ವಿಜ್ಞಾನ ಬೆಳೆದಿರುವಾಗ ಲಂಡನ್ನಿನ ಜಾಕ್ ದಿ ರಿಪ್ಪರ್ ಯಾರೆಂದು ಇನ್ನೂ ತಿಳಿಯಲಿಲ್ಲವೇಕೆ? ಇಂಥ ಪ್ರಸಿದ್ಧ ಕೊಲೆಗಳಲ್ಲಿ ಮೊದಲು ಬಗೆಹರಿಯುವುದು ಯಾವುದು?’ ಎಂದು ಓದುಗ ಮಿತ್ರರೊಬ್ಬರು ಕೇಳಿದ್ದಾರೆ. ಪತ್ತೇದಾರಿ ಕಾದಂಬರಿಗಳನ್ನೋದಿ ಬೆಳೆದ ನಮಗೆ ಉತ್ತರವು ಪತ್ತೇದಾರನ ಬುದ್ಧಿಯಲ್ಲಿದೆಯೆಂದು ತೋರುವುದು ಸಹಜವೇ; ಆದರೆ ಈ ಪ್ರಕರಣಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗಿ ನೋಡಿದರೆ, ತಕ್ಕಡಿಯನ್ನು ವಾಲಿಸುವವನು ಪೊಟ್ಟಣ ಕಟ್ಟಿ ಚೀಟಿ ಅಂಟಿಸಿ ಬೀಗ ಹಾಕಿಟ್ಟ ಹೆಸರಿಲ್ಲದ ಗುಮಾಸ್ತನೇ ಎನ್ನಿಸುತ್ತದೆ.

1888ರಲ್ಲಿ ವೈಟ್‌ಚಾಪೆಲ್ಲಿನ ಬಡಬೀದಿಗಳಲ್ಲಿ ಐವರು ಸ್ತ್ರೀಯರು ಹತರಾದಾಗ ಬೆರಳಚ್ಚಿನ ಕಚೇರಿಯೆಂಬುದು ಲಂಡನ್ನಿನಲ್ಲಿರಲಿಲ್ಲ (ಅಂಥದು 1897ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಹುಟ್ಟಿ, 1901ರಲ್ಲಿ ಅಲ್ಲಿಗೆ ಹೋಯಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ). ಬಟ್ಟೆಗೆ ಮೆತ್ತಿದ ನೆತ್ತರು ಮನುಷ್ಯನದೋ ಕುರಿಯದೋ ಎಂದು ವಿಂಗಡಿಸುವ ಪರೀಕ್ಷೆಯೂ ಆಗ ಹುಟ್ಟಿರಲಿಲ್ಲ. ಸೆಪ್ಟೆಂಬರ್ 30ರ ಬೆಳಗಿನ ಜಾವ ಗೌಲ್‌ಸ್ಟನ್ ಬೀದಿಯ ಬಾಗಿಲೊಂದರಲ್ಲಿ, ಹತಳಾದ ಕ್ಯಾಥರೀನ್ ಎಡೋಸಳ ಮುಂದುಡುಪಿನ ರಕ್ತಸಿಕ್ತ ತುಂಡೂ, ಅದರ ಮೇಲುಗಡೆಯ ಗೋಡೆಯಲ್ಲಿ ಸೀಮೆಸುಣ್ಣದ ಬರವಣಿಗೆಯೂ ಕಂಡುಬಂದುವು. ಬರವಣಿಗೆಯಲ್ಲಿ ಯಹೂದ್ಯರ ಪ್ರಸ್ತಾಪವಿದ್ದುದರಿಂದ, ಬೆಳಕು ಹರಿದರೆ ದೊಂಬಿಯಾದೀತೆಂದು ಹೆದರಿದ ಪೊಲೀಸ್ ಕಮಿಷನರ್ ವಾರೆನ್, ಛಾಯಾಚಿತ್ರ ತೆಗೆಯುವುದಕ್ಕೆ ಮೊದಲೇ ಅದನ್ನು ಒರೆಸಿಹಾಕಿಸಿದ. ಬಟ್ಟೆಯ ತುಂಡೂ ಉಳಿಯಲಿಲ್ಲ.

ಉಳಿದುದು, ಪೊಲೀಸರ ಪಟ್ಟಿಯಲ್ಲಿ ಎಲ್ಲಿಯೂ ನಮೂದಾಗದ, ಕೈಯಿಂದ ಕೈಗೆ ದಾಟಿಬಂದ ಒಂದು ಶಾಲು. ಅದರಿಂದ ಕೊಲೆಗಾರ ಸಿಕ್ಕನೆಂದು 2014ರಲ್ಲಿ ಪತ್ರಿಕೆಗಳು ಡಂಗುರ ಹೊಡೆದುವು. ಶಾಲಿನಲ್ಲಿ ದೊರೆತ ಒಂದು ಗುರುತು 2,90,000 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಇರುವಂಥದೆಂದು ಹೇಳಲಾಗಿತ್ತು. ಬಲ್ಲವರು ಲೆಕ್ಕ ತೆಗೆದು ನೋಡಿದಾಗ ಅದು ಸ್ಥಾನಸಂಖ್ಯೆ ಬರೆಯುವುದರಲ್ಲಾದ ತಪ್ಪೆಂದೂ, ನಿಜವಾದ ಗುರುತು ಯೂರೋಪಿಯನ್ನರಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಜನಕ್ಕೆ ಇರತಕ್ಕದ್ದೆಂದೂ ತಿಳಿಯಿತು! ಇದಲ್ಲದೆ ಆ ಪರೀಕ್ಷೆಗೆ ಆಧಾರವಾದುದು ಮೈಟೊಕಾಂಡ್ರಿಯದ ಡಿ.ಎನ್.ಎ.; ತುಳುನಾಡಿನ ಅಳಿಯಕಟ್ಟಿನ ‘ಬಳಿ’ಯಂತೆ ಅದು ತಾಯಿಯಿಂದ ಮಾತ್ರ ಬರುವುದರಿಂದ, ಬಳಿಯನ್ನು ಹೇಳಬಲ್ಲುದೇ ಹೊರತು ಆಸಾಮಿಯನ್ನು ಹೇಳಲಾರದು.

ರಿಪ್ಪರನ ಮೇಲೆ ನನಗೆ ಆಸೆಯಿಲ್ಲ. 1986ರಲ್ಲಿ ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡಿಗೆ ಬಲಿಯಾದ ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಲ್ಮೆಯ ಪ್ರಕರಣದಲ್ಲಿ ಎರಡು ಗುಂಡುಗಳಿವೆ, ಅವನ್ನು ಹಾರಿಸಿದ ರಿವಾಲ್ವರ್ ಇಲ್ಲ. 1968-69ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಐವರನ್ನು ಕೊಂದು, ‘ಜೋಡಿಯಾಕ್’ ಎಂಬ ಹೆಸರಿನಿಂದ ಪತ್ರಿಕೆಗಳಿಗೆ ಕಾಗದ ಬರೆದವನ 340 ಸಂಕೇತಗಳ ಗೂಢಲಿಪಿಯನ್ನು, 51 ವರ್ಷಗಳ ತರುವಾಯ 2020ರಲ್ಲಿ ಮೂವರು ಹವ್ಯಾಸಿಗಳು ಬಿಡಿಸಿದರು. ಆ ಪರಿಶ್ರಮಕ್ಕೆ ತಲೆಬಾಗಬೇಕು. ಒಳಗೆ ಹೆಸರಿರಲಿಲ್ಲ ಅಷ್ಟೆ. ಗೂಢಲಿಪಿಗಿಂತ ಆ ಲಕೋಟೆಗಳ ಅಂಚೆಚೀಟಿಯ ಹಿಂದಿನ ಎಂಜಲಿನ ಮೇಲೆ ನನಗೆ ಹೆಚ್ಚು ಭರವಸೆ, ಅಂಟಿಸಿದವನು ಕೊಲೆಗಾರನೇ ಆಗಿದ್ದ ಪಕ್ಷದಲ್ಲಿ.

ಎಂಜಲು ಏನು ಮಾಡಬಲ್ಲುದೆಂಬುದನ್ನು ಹೆಳವರನ್ನು ಕಂಡವರಿಗೆ ತಿಳಿಸುವುದು ಸುಲಭ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಊರಿಗೆ ಬರುವ ಹೆಳವನು ಜಗಲಿಯ ಮೇಲೆ ಕುಳಿತು, ಮನೆಯೊಡೆಯನ ಮುತ್ತಾತನಿಂದ ಮೊದಲುಮಾಡಿ, ಯಾವ ಕವಲು ಯಾವ ಊರಿಗೆ ವಲಸೆ ಹೋಯಿತು, ಯಾವ ಮಗಳನ್ನು ಎಲ್ಲಿಗೆ ಕೊಟ್ಟರು ಎಂಬುದನ್ನೆಲ್ಲ ಉಸಿರು ಬಿಡದೆ ಒಪ್ಪಿಸಿ, ಕಾಳನ್ನು ಕಟ್ಟಿಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಅವನೆದುರಿಗೆ ಗುರುತಿಲ್ಲದ ಒಬ್ಬನನ್ನು ತಂದು ನಿಲ್ಲಿಸಿದಿರೆನ್ನಿ. ಅವನ ಹೆಸರು ಹೊತ್ತಗೆಯಲ್ಲಿಲ್ಲ; ಆದರೆ ‘ಮೂಗು ಆ ಮನೆಯದು, ಕಿವಿ ಈ ಮನೆಯದು’ ಎಂದು ಹೆಳವ ಎರಡು ಮನೆತನಗಳನ್ನು ಹಿಡಿದು, ಅವುಗಳ ಬೇರಿನವರೆಗೆ ಹತ್ತಿ, ಮತ್ತೆ ಕವಲುಕವಲಾಗಿ ಇಳಿದು ಬಂದಾನು. 13 ಕೊಲೆಗಳನ್ನು ಮಾಡಿ ದಶಕಗಳ ಕಾಲ ಮರೆಯಾಗಿದ್ದ ‘ಗೋಲ್ಡನ್ ಸ್ಟೇಟ್’ ಕೊಲೆಗಾರನನ್ನು ಕ್ಯಾಲಿಫೋರ್ನಿಯದವರು ಹಿಡಿದುದು ಹೀಗೆಯೇ. ಜನರು ತಮ್ಮ ನೆಂಟರನ್ನು ಹುಡುಕಲೆಂದು ಡಿ.ಎನ್.ಎ. ವಿವರಗಳನ್ನು ಹಾಕಿದ್ದ ಜೆಡ್‌ಮ್ಯಾಚ್ ಎಂಬ ಭಂಡಾರವೇ ಅವರ ಹೊತ್ತಗೆ. ಅಣ್ಣತಮ್ಮಂದಿರ ಮಕ್ಕಳಲ್ಲಿ ಸುಮಾರು 8ರಲ್ಲಿ 1 ಪಾಲು ಸಮಾನವಾಗಿದ್ದರೆ, ಇನ್ನೆರಡು ತಲೆಮಾರು ದೂರ ಸರಿದ ದಾಯಾದಿಗಳಲ್ಲಿ ಅದು 128ರಲ್ಲಿ 1 ಆಗುತ್ತದೆ. ಅಷ್ಟರ ಎಳೆ ಹಿಡಿದು, ವಯಸ್ಸು, ಲಿಂಗ, ವಾಸಸ್ಥಳಗಳಿಂದ ಜಾಲಿಸುತ್ತ ಬಂದು ನಿಂತುದು 72 ವರ್ಷದ ಮಾಜಿ ಪೊಲೀಸ್ ಜೋಸೆಫ್ ಡಿಏಂಜೆಲೊನ ಮನೆಯ ಮುಂದೆ. ಅವನ ಕಾರಿನ ಬಾಗಿಲ ಹಿಡಿಯಿಂದಲೂ ಅವನು ಬಿಸಾಡಿದ ಕಾಗದದ ಕರವಸ್ತ್ರದಿಂದಲೂ ತೆಗೆದ ಮಾದರಿ ತಾಳೆಯಾದ ಮೇಲೆ, 2018ರ ಏಪ್ರಿಲ್ 24ರಂದು ಅವನನ್ನು ಸೆರೆಹಿಡಿದರು.

ಆದರೆ ಹೆಳವನ ಮುಂದೆ ನಿಲ್ಲಿಸುವುದಕ್ಕೆ ಆಸಾಮಿಯೇ ಬೇಕಷ್ಟೆ? ಈ ಕೆಲಸಕ್ಕೆ ಡಿ.ಎನ್.ಎ. ಧಾರಾಳವಾಗಿಯೂ ಕೆಡದೆಯೂ ಇರಬೇಕು. ಅದು ಸಿಕ್ಕಿದ್ದು ವೆಂಚುರಾ ಎಂಬ ಊರಿನಲ್ಲಿ. 1980ರಲ್ಲಿ ಅಲ್ಲಿ ದಂಪತಿಗಳಿಬ್ಬರು ಹತರಾದಾಗ, ಡಿ.ಎನ್.ಎ.ಯಿಂದ ಗುರುತು ಹಿಡಿಯುವ ಉಪಾಯವನ್ನು ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಕಂಡುಹಿಡಿಯುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದುವು. ಶವಪರೀಕ್ಷೆ ಮಾಡಿದ ವೈದ್ಯನಿಗೆ ಮಾದರಿಗಳನ್ನು ಎರಡೆರಡು ಪೊಟ್ಟಣಗಳಲ್ಲಿ ತೆಗೆದಿಡುವ ರೂಢಿಯಿತ್ತು. ಅವುಗಳಲ್ಲಿ ಎರಡನೆಯದು ಯಾರೂ ಮುಟ್ಟದೆ ಶೀತಪೆಟ್ಟಿಗೆಯಲ್ಲಿ ಹಾಗೆಯೇ ಇದ್ದಿತು.