ಅಂಕಪಟ್ಟಿಯ ಮುಂದೆ ತಂದೆತಾಯಿಗಳು

ಏಪ್ರಿಲ್ ತಿಂಗಳು ಬಂದಿತೆಂದರೆ ನಮ್ಮ ನಾಡಿನ ಸಹಸ್ರಾರು ಮನೆಗಳಲ್ಲಿ ಮಾತು ಕಡಿಮೆಯಾಗುತ್ತದೆ. ದ್ವಿತೀಯ ಪಿ.ಯು.ಸಿ. ಫಲಿತಾಂಶ ಇಂದೋ ನಾಳೆಯೋ ಎಂಬ ಸುದ್ದಿ ಹಬ್ಬಿದ ದಿನದಿಂದ ತಾಯಿಗೆ ಒಲೆಯ ಮೇಲಿನ ಹಾಲಿನ ಕಡೆಗೆ ಗಮನವಿರುವುದಿಲ್ಲ, ತಂದೆಗೆ ಅಂಗಡಿಯ ಲೆಕ್ಕ ಕೂಡುವುದಿಲ್ಲ. ಮಕ್ಕಳು ಕೋಣೆಯ ಕದವನ್ನು ಅರ್ಧ ಮುಚ್ಚಿಕೊಂಡು ಕುಳಿತಿರುತ್ತಾರೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಹೊತ್ತಿಗೆ ಇದೇ ದೃಶ್ಯ ಬೇರೆ ಮನೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ದಿನಗಳಲ್ಲಿ ಮಕ್ಕಳು ಹೇಗಿರಬೇಕೆಂದು ಉಪದೇಶಿಸುವವರು ಬಹಳ ಮಂದಿ. ಹಿರಿಯರಾದ ನಾವು ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ಬಹು ದಿನಗಳಿಂದ ಅನಿಸಿತ್ತು. ಅದಕ್ಕೊಂದು ಕಾರಣವುಂಟು, ಮುಂದೆ ಹೇಳುತ್ತೇವೆ.

ನಾವು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತದ್ದು 1970ರ ದಶಕದಲ್ಲಿ. ಆಗ ಫಲಿತಾಂಶವು ವೃತ್ತಪತ್ರಿಕೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರಗಳ ನೋಂದಣಿ ಸಂಖ್ಯೆಗಳಾಗಿ ಅಚ್ಚಾಗುತ್ತಿತ್ತು. ಪತ್ರಿಕೆ ಹೊತ್ತು ಬರುವ ಮೊದಲ ಬಸ್ಸಿಗಾಗಿ ನಿಲ್ದಾಣದಲ್ಲಿ ನಸುಕಿನಿಂದಲೇ ಕಾಯುತ್ತಿದ್ದೆವು. ನಮ್ಮ ಸಂಖ್ಯೆ ಕಂಡರೂ ಕಾಣದಿದ್ದರೂ ಮಠಕ್ಕೆ ಮರಳಲು ಎರಡು ಮೈಲಿ ನಡೆಯಬೇಕಾಗಿತ್ತು. ಆ ನಡಿಗೆಯಲ್ಲಿ ಹಿಗ್ಗಾಗಲಿ ಅಳುವಾಗಲಿ ಒಂದು ಹದಕ್ಕೆ ಬರುತ್ತಿತ್ತು. ಮನೆಯವರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದನ್ನು ಹುಡುಗನೇ ತೀರ್ಮಾನಿಸಿಕೊಂಡು ಹೊಸ್ತಿಲು ದಾಟುತ್ತಿದ್ದ.

ಇಂದಿನ ಮಕ್ಕಳಿಗೆ ಆ ಎರಡು ಮೈಲಿಯ ಹಾದಿ ಇಲ್ಲ. ಫಲಿತಾಂಶವು ಮೊಬೈಲಿನಲ್ಲಿ ಬರುತ್ತದೆ. ನೋಂದಣಿ ಸಂಖ್ಯೆಯನ್ನು ಬಲ್ಲ ಯಾರೇ ಆಗಲಿ ಅದನ್ನು ನೋಡಬಲ್ಲರು. ಪುಣೆಯಲ್ಲಿರುವ ಸೋದರಮಾವನು ಹುಡುಗನಿಗಿಂತ ಮೊದಲೇ ಅಂಕಗಳನ್ನು ನೋಡಿ, ಅದರ ಚಿತ್ರವನ್ನು ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಹತ್ತು ಮಂದಿ ಅಭಿಪ್ರಾಯ ಬರೆದಾದ ಮೇಲೆ ಹುಡುಗನಿಗೆ ತಿಳಿದ ಪ್ರಸಂಗವನ್ನು ನಾವು ಬಲ್ಲೆವು. ಪಾಸಾಗಿದ್ದ ಆ ಹುಡುಗ ಮೂರು ದಿನ ಯಾರೊಡನೆಯೂ ಮಾತನಾಡಲಿಲ್ಲ. ತನ್ನದಾದ ಒಂದು ಸಂಗತಿಯನ್ನು ತಾನೇ ಹೇಳುವ ಹಕ್ಕು ಅವನ ಕೈಯಿಂದ ಜಾರಿತ್ತು. ಆದ್ದರಿಂದ ಮೊದಲ ಮಾತು: ನೋಂದಣಿ ಸಂಖ್ಯೆ ಮಗುವಿನ ಬಳಿಯೇ ಇರಲಿ. ಫಲಿತಾಂಶವನ್ನು ಮೊದಲು ನೋಡುವವರು ಅವರೇ ಆಗಲಿ. ಜೊತೆಗೆ ಯಾರು ಕೂರಬೇಕೆಂಬುದನ್ನು ಅವರೇ ಹೇಳಲಿ. ‘ನಾನೊಬ್ಬನೇ ನೋಡುತ್ತೇನೆ’ ಎಂದರೆ ಕದದ ಹೊರಗೆ ನಿಲ್ಲುವ ತಾಳ್ಮೆ ನಮಗಿರಬೇಕು. ಆದರೆ ದೂರ ಹೋಗಬಾರದು. ಆ ದಿನ ತಂದೆ ಅಂಗಡಿಗೆ, ತಾಯಿ ಮದುವೆಗೆ ಹೋಗುವುದು ತರವಲ್ಲ.

ಅಂಕ ಕಂಡ ಮರುಕ್ಷಣ ಮಗು ನೋಡುವುದು ತಂದೆತಾಯಿಗಳ ಮುಖವನ್ನು. ನಾವು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅದು ನಮ್ಮ ಮುಖದಲ್ಲಿ ತನ್ನ ಬೆಲೆಯನ್ನು ಓದಿಕೊಂಡಿರುತ್ತದೆ. ಆ ಗಳಿಗೆಯಲ್ಲಿ ಜಾಣ ಮಾತು ಬೇಕಿಲ್ಲ. ‘ಬಾ, ಊಟ ಮಾಡೋಣ’ ಎಂದರೆ ಸಾಕು. ‘ಎಷ್ಟು ಖರ್ಚು ಮಾಡಿದೆವು’, ‘ಚಿಕ್ಕಪ್ಪನ ಮಗಳಿಗೆ ನೋಡು’, ‘ಮನೆತನದ ಮರ್ಯಾದೆ’ ಎಂಬ ಮೂರು ಮಾತುಗಳಂತೂ ಅಂದು ಮನೆಯೊಳಗೆ ಬರಲೇಕೂಡದು. ದೂರವಾಣಿಯ ಕರೆಗಳಿಗೆ ಉತ್ತರಿಸಲು ಮನೆಯ ಒಬ್ಬರನ್ನು ನೇಮಿಸಿ, ‘ಅವನೇ ನಿಮಗೆ ಹೇಳುತ್ತಾನೆ’ ಎಂದಷ್ಟೇ ಹೇಳಿಸುವುದು ಲೇಸು. ಬಂಧುಗಳಿಗೆ ಸ್ವಲ್ಪ ಮುನಿಸಾದೀತು, ಆಗಲಿ.

2025ರ ಮೇ ತಿಂಗಳಲ್ಲಿ ಉತ್ತರ ಕರ್ನಾಟಕದ ಒಂದು ಮನೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಎಸ್.ಎಸ್.ಎಲ್.ಸಿ.ಯ ಆರೂ ವಿಷಯಗಳಲ್ಲಿ ಅನುತ್ತೀರ್ಣನಾದ ಮಗನಿಗೆ ತಂದೆತಾಯಿಗಳು ಕೇಕ್ ತರಿಸಿ ಕತ್ತರಿಸಿದರಂತೆ. ಓದಿದಾಗ ನಮಗೆ, ನಿಜ ಹೇಳುವುದಾದರೆ, ಇದು ಅತಿಯಾಯಿತು ಎನ್ನಿಸಿತು. ಸೋಲಿಗೂ ಸಿಹಿ ಹಂಚಿದರೆ ಓದಿದ ಮಕ್ಕಳ ಶ್ರಮಕ್ಕೇನು ಬೆಲೆ ಎಂದು ಗೆಳೆಯರೊಡನೆ ವಾದವನ್ನೂ ಮಾಡಿದೆವು. ಅನಂತರ ಯೋಚಿಸಿದಾಗ ಹೊಳೆದದ್ದು ಬೇರೆ. ಆ ತಂದೆತಾಯಿಗಳು ಸೋಲಿಗೆ ಸಿಹಿ ಹಂಚಿರಲಿಲ್ಲ. ಆ ರಾತ್ರಿ ಮಗ ತಮ್ಮ ಪಕ್ಕದಲ್ಲಿಯೇ ಕುಳಿತಿರುವಂತೆ ನೋಡಿಕೊಂಡಿದ್ದರು. ಫಲಿತಾಂಶ ಬಂದ ಸಂಜೆ ಮನೆಗೆ ಮರಳದ ಮಕ್ಕಳ ಸುದ್ದಿಯನ್ನು ನಾವು ಪ್ರತಿ ವರ್ಷವೂ ಒಳಪುಟಗಳಲ್ಲಿ ಓದುತ್ತೇವೆ. ಅದರ ಎದುರು ಒಂದು ಕೇಕು ಯಾವ ಲೆಕ್ಕ?

ಮಗು ಊಟ ಬಿಟ್ಟು, ನಿದ್ದೆ ಬಿಟ್ಟು, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತಾಡಿದರೆ ಅದನ್ನು ನಾಟಕವೆಂದು ತಳ್ಳಿಹಾಕಬಾರದು, ಒಂಟಿಯಾಗಿ ಬಿಡಲೂಬಾರದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ತಂದೆತಾಯಿಗಳೂ ಕರೆ ಮಾಡಿ ತಮ್ಮ ದಿಗಿಲನ್ನು ಹೇಳಿಕೊಳ್ಳಬಹುದು.

ಅನುತ್ತೀರ್ಣತೆ ಎಂಬುದು ಒಂದು ಮನೆಗೆ ಮಾತ್ರ ಬಡಿದ ಸಿಡಿಲೇನೂ ಅಲ್ಲ. 2025ರ ದ್ವಿತೀಯ ಪಿ.ಯು.ಸಿ. ಪರೀಕ್ಷೆ-1ರಲ್ಲಿ ಉತ್ತೀರ್ಣರಾದವರು ನೂರಕ್ಕೆ 73ರಷ್ಟು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಕ್ಕಳು ಉಳಿದರು. ಹಿಂದೆ ‘ಸಪ್ಲಿಮೆಂಟರಿ’ ಎಂಬ ಹೆಸರೇ ಒಂದು ಕಳಂಕದಂತಿತ್ತು. 2024ರಲ್ಲಿ ಶಾಲಾ ಪರೀಕ್ಷೆ ಮತ್ತು ಮೌಲ್ಯ ನಿರ್ಣಯ ಮಂಡಳಿಯು ಪರೀಕ್ಷೆ 1, 2, 3 ಎಂದು ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಪದ್ಧತಿಯನ್ನು ತಂದಿತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆದರು, ಯಾವುದರಲ್ಲಿ ಹೆಚ್ಚು ಬಂದಿತೋ ಅದನ್ನು ಉಳಿಸಿಕೊಂಡರು. ಆಯಾ ವರ್ಷದ ವೇಳಾಪಟ್ಟಿಯನ್ನು ಕಾಲೇಜಿನಲ್ಲಿ ಕೇಳಿ ತಿಳಿಯಬೇಕು. ಉತ್ತರಪತ್ರಿಕೆಯ ಛಾಯಾಪ್ರತಿ, ಮರು ಎಣಿಕೆ, ಮರು ಮೌಲ್ಯಮಾಪನ ಇವಕ್ಕೆಲ್ಲ ಅರ್ಜಿ ಹಾಕಲು ದೊರೆಯುವ ಕಾಲ ಕೆಲವೇ ದಿನಗಳು. ಮನೆಯವರೆಲ್ಲ ಕೂಡಿ ವಾರವಿಡೀ ಶೋಕಿಸುತ್ತ ಕುಳಿತರೆ ಆ ಬಾಗಿಲೂ ಮುಚ್ಚಿರುತ್ತದೆ. ಶೋಕ ಒಂದು ದಿನ ಸಾಕು. ಮರುದಿನ ತಂದೆಯು ಮಗನ ಜೊತೆ ಕಾಲೇಜಿಗೆ ಹೋಗಬೇಕು. ಜೊತೆಗೆ ಹೋಗಬೇಕು ಎಂದೆವು, ಮುಂದೆ ಹೋಗಬೇಕು ಎನ್ನಲಿಲ್ಲ.

ಈಗ ಆ ಕಾರಣವನ್ನು ಹೇಳುತ್ತೇವೆ. ಎರಡು ವರ್ಷಗಳ ಹಿಂದೆ ಒಂದು ಪಟ್ಟಣದಲ್ಲಿ ನಮ್ಮ ಸಮಾಜದ ಪ್ರತಿಭಾ ಪುರಸ್ಕಾರ ಸಮಾರಂಭಕ್ಕೆ ನಾವು ಉಪನ್ಯಾಸಕರಾಗಿ ಹೋಗಿದ್ದೆವು. ನೂರಕ್ಕೆ 90ಕ್ಕೂ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು, ಫಲಕ, ನಗದು. ಇಂಥ ಸಮಾರಂಭಗಳಲ್ಲಿ ನಾವು ಮೂವತ್ತು ವರ್ಷಗಳಿಂದ ಮಾತನಾಡಿದ್ದೇವೆ. ಅಂದೂ ‘ಸಮಾಜದ ಕಣ್ಮಣಿಗಳು’ ಎಂದು ಮುಂತಾಗಿ ಮುಕ್ಕಾಲು ಗಂಟೆ ಹೊಗಳಿ ವೇದಿಕೆಯಿಂದ ಇಳಿದೆವು. ಪ್ರಸಾದದ ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದ ಒಬ್ಬ ತಾಯಿ ನಮ್ಮ ಎದುರು ನಿಂತು ಮೆಲ್ಲಗೆ ಹೇಳಿದರು: “ಶಾಸ್ತ್ರಿಗಳ, ತೊಂಬತ್ತು ತಗೊಂಡ ಮಕ್ಕಳಿಗೆ ಶಾಲು ಹೊಚ್ಚಿದಿರಿ, ಚಲೋ ಆತು. ನನ್ನ ಮಗಗ ಐವತ್ತೆರಡು ಬಂದಾವ. ಅವನ್ನ ಯಾವ ಸಭಾಕ್ಕ ಕರಕೊಂಡು ಬರಲಿ?”

ನಮ್ಮ ಬಳಿ ಉತ್ತರವಿರಲಿಲ್ಲ. ತುತ್ತು ಕೈಯಲ್ಲೇ ಉಳಿಯಿತು. ನಮಗೆ ಆಗ ನೆನಪಾದದ್ದು ನಮ್ಮನ್ನು ಸಾಕಿದ ಪ್ರಸಾದ ನಿಲಯ. ತಂದೆಯಿಲ್ಲದ ಹನ್ನೊಂದು ವರ್ಷದ ಹುಡುಗನಾಗಿ ಅಲ್ಲಿಗೆ ಬಂದಾಗ ನಮ್ಮ ಅಂಕ ಎಷ್ಟೆಂದು ಯಾರೂ ಕೇಳಲಿಲ್ಲ; ಊಟ ಆಯಿತೇ ಎಂದು ಕೇಳಿದರು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಮೊದಲಾದ ಕಡೆಗಳಲ್ಲಿ ಬೆಳೆದ ಉಚಿತ ಪ್ರಸಾದ ನಿಲಯಗಳ ದಾರಿ ಅದೇ ಆಗಿತ್ತು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಓದಿಗಾಗಿ ಬರೆದಿಟ್ಟರು. ಓದಲು ಹಸಿದು ಬಂದವನಿಗೆ ಕೊಡುವುದರಿಂದ ಹೊರಟ ನಮ್ಮ ಪರಂಪರೆ, ಓದಿ ಗೆದ್ದವನಿಗೆ ಮಾತ್ರ ಹಾರ ಹಾಕುವಲ್ಲಿಗೆ ಬಂದು ನಿಂತಿದೆ. ಅದರಲ್ಲಿ ನಮ್ಮ ಪಾಲೂ ಇದೆ.

ನಾವು ಆ ತಾಯಿಯ ಮನೆಗೆ ಹೋದೆವು. ಮೊದಲ ಸಲ ಹುಡುಗ ಹೊರಗೆ ಬರಲಿಲ್ಲ. ಎಲ್ಲರೂ ಮಲಗಿದ ಮೇಲೆ ಎದ್ದು ಒಬ್ಬನೇ ಉಣ್ಣುತ್ತಾನೆಂದು ತಾಯಿ ಹೇಳಿದರು. ಎರಡನೆಯ ಸಲ ಹೋದಾಗ ಬಂದು ಕುಳಿತ. ಅರ್ಧ ಗಂಟೆಯ ಬಳಿಕ ತಿಳಿದದ್ದಿಷ್ಟು: ಹತ್ತನೆಯ ತರಗತಿ ಮುಗಿದಾಗ ಅವನು ವಾಣಿಜ್ಯ ಕೇಳಿದ್ದ, ತಂದೆ ‘ಅಣ್ಣತಮ್ಮಂದಿರ ಮಕ್ಕಳೆಲ್ಲ ವಿಜ್ಞಾನ ಓದುತ್ತಿದ್ದಾರೆ’ ಎಂದು ವಿಜ್ಞಾನಕ್ಕೆ ಸೇರಿಸಿದ್ದರು. ತನಗೆ ಬೇಡವಾದ ವಿಷಯದಲ್ಲಿ ಆ ಹುಡುಗ 52 ಪಡೆದದ್ದು ಸೋಲೇ, ಸಾಹಸವೇ? ಅವನೀಗ ಅದೇ ಊರಿನ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾನೆ. ಹೇಳಿಕೊಳ್ಳುವಂಥ ಅಂಕಗಳೇನೂ ಬರುತ್ತಿಲ್ಲವಂತೆ, ಆದರೆ ಮನೆಯವರ ಜೊತೆ ಕುಳಿತು ಉಣ್ಣುತ್ತಾನೆ.

ಹೀಗೆ ಫಲಿತಾಂಶದ ದಿನದ ಬೇರುಗಳು ಅದಕ್ಕೆ ಎರಡು ವರ್ಷ ಹಿಂದಿನ ಪ್ರವೇಶದ ದಿನದಲ್ಲಿರುತ್ತವೆ. ಹತ್ತನೆಯ ತರಗತಿಯ ಬಳಿಕ ಪಿ.ಯು. ವಿಜ್ಞಾನ ಒಂದೇ ದಾರಿಯಲ್ಲ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಕೈಕೆಲಸದಲ್ಲಿ ಒಲವುಳ್ಳ ಮಕ್ಕಳಿಗೆ ಇದು ಒಳ್ಳೆಯ ಹಾದಿ. ಎಷ್ಟೋ ಮನೆಗಳಲ್ಲಿ ಇದರ ಅರಿವೇ ಇಲ್ಲ.

ಇನ್ನು ಸಿ.ಇ.ಟಿ. ಇಂಜಿನಿಯರಿಂಗಿಗೆ ಪಿ.ಯು.ಸಿ.ಯ ಭೌತ, ರಸಾಯನ, ಗಣಿತದ ಅಂಕಗಳು ಅರ್ಧ, ಸಿ.ಇ.ಟಿ. ಅಂಕಗಳು ಅರ್ಧ ಸೇರಿ ರ‍್ಯಾಂಕ್ ಆಗುತ್ತದೆ. ತಂದೆತಾಯಿಗಳ ನಿಜವಾದ ಕೆಲಸವಿರುವುದು ಕಾಗದಪತ್ರಗಳಲ್ಲಿ. ನಾಡಕಚೇರಿಯಿಂದ ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ 371(ಜೆ) ಪ್ರಮಾಣಪತ್ರ: ಇವುಗಳ ಮೀಸಲನ್ನು ಅರ್ಜಿ ತುಂಬುವಾಗಲೇ ಕೇಳಿಕೊಳ್ಳಬೇಕು. ಹೆಸರಿನ ಒಂದಕ್ಷರ ಅಂಕಪಟ್ಟಿಯಲ್ಲೊಂದು ಬಗೆ, ಆಧಾರ್‌ನಲ್ಲೊಂದು ಬಗೆ ಇದ್ದರೆ ಕಚೇರಿಗೆ ಅಲೆಯುವವರು ತಂದೆಯೇ ಆಗಲಿ, ಅದನ್ನು ಚಳಿಗಾಲದಲ್ಲೇ ಮುಗಿಸಲಿ. ಹಣದ ಮಾತನ್ನೂ ಮುಚ್ಚಿಡದೆ ಮಕ್ಕಳ ಮುಂದೆ ಆಡಬೇಕು. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಹೊಲ ಮನೆಯ ಆಧಾರ ಕೇಳುವುದಿಲ್ಲ. ಇದ್ದ ಎರಡೆಕರೆ ಮಾರಿ ಸೀಟು ಕೊಂಡು, ಆ ಭಾರವನ್ನು ಹದಿನೆಂಟರ ಹುಡುಗನ ತಲೆಗೆ ಹೊರಿಸುವುದನ್ನು ನಾವು ಪ್ರೀತಿಯೆಂದು ಕರೆಯಲಾರೆವು.

ಆದರೆ ಇಚ್ಛೆಯ ಪಟ್ಟಿಯನ್ನು, ಅಂದರೆ ‘ಆಪ್ಷನ್ ಎಂಟ್ರಿ’ಯನ್ನು, ಬರೆಯುವ ಕೈ ಮಗುವಿನದೇ ಆಗಿರಬೇಕು. ಬರೆದ ಅನುಕ್ರಮದಲ್ಲಿ ಮೇಲಿನಿಂದ ಕೆಳಗೆ ನೋಡುತ್ತ, ರ‍್ಯಾಂಕಿಗೆ ದಕ್ಕುವ ಮೊದಲ ಸೀಟನ್ನೇ ಕೊಡುತ್ತಾರೆ. ಮೇಲೆ ಬರೆದದ್ದು ಸಿಕ್ಕರೆ ಕೆಳಗಿನದು ತಪ್ಪಿತು. ನವಲಗುಂದದ ಕಡೆಯ ನಮ್ಮ ಪರಿಚಯದ ರೈತರೊಬ್ಬರು ಸೈಬರ್ ಅಂಗಡಿಗೆ ಹೋಗಿ ಮಗಳ ಪಟ್ಟಿಯನ್ನು ತಾವೇ ತುಂಬಿಸಿ ಬಂದರು: ಮೊದಲಿನ ಇಪ್ಪತ್ತೂ ಕಂಪ್ಯೂಟರ್ ವಿಜ್ಞಾನ, ಅದೂ ಹುಬ್ಬಳ್ಳಿ ಧಾರವಾಡ ದಾಟದಂತೆ. ಮಗನಾಗಿದ್ದರೆ ಬೆಂಗಳೂರನ್ನು ಬರೆಯುತ್ತಿದ್ದರೆಂಬುದು ಬೇರೆ ಮಾತು; ಬೇರೆ ಮಾತೇನು, ಅದೇ ಮುಖ್ಯ ಮಾತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ರ‍್ಯಾಂಕಿಗೆ ಬಸ್ಸಿನ ದೂರವನ್ನು ಕಟ್ಟಿಹಾಕುವ ರೂಢಿ ಇನ್ನೂ ಹೋಗಿಲ್ಲ. ಅಣಕು ಹಂಚಿಕೆಯ ಫಲ ಬಂದಾಗ ಆ ಹುಡುಗಿ ಏನೂ ಅನ್ನದೆ ಎಮ್ಮೆಗೆ ಮೇವು ಹಾಕಲು ಎದ್ದು ಹೋದಳಂತೆ. ತಾಯಿ ಅದನ್ನು ಗಮನಿಸಿದರು. ಅಣಕು ಹಂಚಿಕೆಯ ನಂತರ ಪಟ್ಟಿಯನ್ನು ತಿದ್ದಲು ಕೆಲ ದಿನಗಳ ಅವಕಾಶವಿರುತ್ತದೆ. ಅಂದು ರಾತ್ರಿ ಮಗಳೇ ಪಟ್ಟಿಯನ್ನು ಮತ್ತೆ ಬರೆದಳು. ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಐದನೆಯದಾಗಿ ಶಿರಸಿಯ ಅರಣ್ಯ ಮಹಾವಿದ್ಯಾಲಯ. ಸಿಕ್ಕಿದ್ದು ಐದನೆಯದು. “ಅಡವಿ ಕಾಯಾಕ ಡಿಗ್ರಿ ಬೇಕೇನ್ರೀ?” ಎಂದು ಆ ರೈತರು ನಮ್ಮ ಮುಂದೆ ಗೊಣಗಿದರು. ಗೊಣಗುತ್ತಲೇ ಮಗಳ ಟ್ರಂಕನ್ನು ಶಿರಸಿಯ ಬಸ್ಸಿಗೆ ಏರಿಸಿ ಬಂದರು. ಇನ್ನೂ ಅವರಿಗೆ ಪೂರ್ಣ ಸಮಾಧಾನವಿಲ್ಲ. ಮಗಳು ಮಾತ್ರ ವಾರಕ್ಕೊಮ್ಮೆ ಫೋನು ಮಾಡಿ ಯಾವುದೋ ಮರದ ಹೆಸರು ಹೇಳುತ್ತಾಳಂತೆ.

ಈ ವರ್ಷದ ಪ್ರತಿಭಾ ಪುರಸ್ಕಾರಕ್ಕೂ ಅದೇ ಪಟ್ಟಣದ ಸಮಿತಿಯವರು ನಮ್ಮನ್ನು ಕರೆದಿದ್ದಾರೆ. ನಾವು ಪತ್ರ ಬರೆದಿದ್ದೇವೆ. ಶಾಲು ಹೊದಿಸುವುದು ಬೇಡವೆಂದು ಬರೆದಿಲ್ಲ. ಓದಿದ ಮಕ್ಕಳಿಗೆ ಗೌರವ ಸಲ್ಲಲಿ. ಅದರ ಮುಂಚಿನ ದಿನ ಅದೇ ಸಭಾಭವನದಲ್ಲಿ, ಎಷ್ಟೇ ಅಂಕ ಬಂದಿರಲಿ, ನಮ್ಮ ಎಲ್ಲ ಮನೆಗಳ ಮಕ್ಕಳನ್ನು ತಂದೆತಾಯಿಗಳ ಸಮೇತ ಕರೆದು, ಅನುಭವವುಳ್ಳ ಇಬ್ಬರು ಅಧ್ಯಾಪಕರನ್ನು ಕೂರಿಸಿ, ಅರ್ಜಿ ತುಂಬುವುದಕ್ಕೂ ಮರುಪರೀಕ್ಷೆಗೂ ನೆರವಾಗಬೇಕು. ಪ್ರಸಾದ ಎರಡೂ ದಿನ ಇರಬೇಕು. ಹಾಗಾದರೆ ನಾವು ಎರಡೂ ದಿನ ಬರುತ್ತೇವೆ ಎಂದು ಬರೆದಿದ್ದೇವೆ. ಅಧ್ಯಕ್ಷರು ಫೋನಿನಲ್ಲಿ, “ಕಮಿಟಿಯೊಳಗ ಇಟ್ಟು ನೋಡೋಣ್ರಿ, ಖರ್ಚಿನ ಮಾತು ಐತಿ” ಎಂದರು. ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ.