ನಾನು ಹೊಡೆದುಹಾಕಿದ ಒಂದು ಮಾತು

ಅರ್ಧ ಅಂಕವೆಂದರೆ ಏನು ಮಹಾ ಎಂದು ಕೇಳುವವರು ಎಂದೂ ಉಪಾಧ್ಯಾಯರಾಗಿ ಇದ್ದವರಲ್ಲ. ತಾವು ವಿದ್ಯಾರ್ಥಿಗಳಾಗಿದ್ದುದನ್ನೂ ಮರೆತವರು. ನಾನು ಅನ್ಯಾಯವಾಗಿ ಕಳೆದ ಒಂದು ಅರ್ಧ ಅಂಕದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಕಥೆಯ ಹಿಂದೆ ಸ್ವಲ್ಪ ವ್ಯಾಕರಣವೂ ಬರುತ್ತದೆ. ವ್ಯಾಕರಣವೆಂದೊಡನೆ ಪುಟ ತಿರುವಿಹಾಕುವ ಓದುಗರು ಇದೊಂದು ಸಲ ತಾಳ್ಮೆ ವಹಿಸಬೇಕೆಂದು ಬೇಡುತ್ತೇನೆ.

ಸುಮಾರು ನಲವತ್ತು ವರ್ಷಗಳ ಹಿಂದೆ, ತುಮಕೂರು ಸೀಮೆಯ ಹಳ್ಳಿಯೊಂದರಿಂದ ಬಂದ ನಾನು ಬೆಂಗಳೂರು ದಂಡಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯನಾಗಿ ಸೇರಿದೆ. ಪೇಟೆಗೂ ದಂಡಿಗೂ ನಡುವೆ ಇರುವುದು ಒಂದು ಕಬ್ಬನ್ ಪಾರ್ಕು. ಆದರೆ ಮಾತಿನ ಅಂತರ ಅದಕ್ಕಿಂತ ದೊಡ್ಡದು. 1809ರಲ್ಲಿ ಬ್ರಿಟಿಷರ ಸೇನೆ ಇಲ್ಲಿ ಬೀಡುಬಿಟ್ಟಾಗ ಅದರ ಬೆನ್ನಿಗೇ ತಮಿಳು, ಉರ್ದು, ತೆಲುಗು ಮಾತುಗಳೂ ಬಂದು ನೆಲೆಸಿದವು. 1947ರಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಪೌರಸಭೆಗಳು ಕೂಡಿ ಒಂದು ಕಾರ್ಪೊರೇಷನ್ ಆಯಿತು. ಮಾತುಗಳು ಮಾತ್ರ ಒಂದಾಗಲಿಲ್ಲ, ಬೆರೆತವು.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತಂದೆಗೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬಳಿ ತರಕಾರಿ ವ್ಯಾಪಾರ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಉರ್ದು ಮತ್ತು ಕನ್ನಡ, ನೆರೆಮನೆಯ ಆಂಗ್ಲೋ ಇಂಡಿಯನ್ ಮಕ್ಕಳೊಡನೆ ಆಡುವಾಗ ಇಂಗ್ಲಿಷ್. ಹೀಗೆ ನಾಲ್ಕು ಭಾಷೆಗಳು ಅವಳ ನಾಲಗೆಯ ಮೇಲೆ ಜಗಳವಿಲ್ಲದೆ ಬಾಳುತ್ತಿದ್ದವು. ‘ನಮ್ಮ ಮನೆ’ ಎಂಬ ಪ್ರಬಂಧದಲ್ಲಿ ಅವಳು ಬರೆದ ಮೊದಲ ವಾಕ್ಯ: ‘ಅವರ್ ಹೌಸ್ ಈಸ್ ರೈಟ್ ಬಿಹೈಂಡ್ ದಿ ಚರ್ಚ್.’

ನಾನು ಇಂಗ್ಲಿಷನ್ನು ಕಲಿತದ್ದು ಪುಸ್ತಕದಿಂದ. ‘ರೈಟ್’ ಎಂದರೆ ನನಗೆ ಎರಡೇ ಅರ್ಥ: ಒಂದು ಸರಿ, ಇನ್ನೊಂದು ಬಲಗಡೆ. ಮನೆ ಚರ್ಚಿನ ಹಿಂದೆ ‘ಸರಿ’ ಇರುವುದೆಂದರೇನು? ಬಲಗಡೆ ಎನ್ನಬೇಕಾಗಿದ್ದರೆ ‘ಆನ್ ದಿ ರೈಟ್’ ಎಂದು ಬರೆಯಬೇಡವೆ? ಕೆಂಪು ಶಾಯಿಯಿಂದ ಆ ಮಾತನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಅನಾವಶ್ಯಕ’ ಎಂದು ಬರೆದು, ಅರ್ಧ ಅಂಕ ಕಳೆದೆ. ಹುಡುಗಿ ಮೇಜಿನ ಬಳಿ ಬಂದು ನಿಂತು, “ಸಾರ್, ಅದು ಬೇಕು ಸಾರ್” ಎಂದಳು. “ಬೇಕಾಗಿಲ್ಲ, ಹೋಗಿ ಕೂತುಕೋ” ಎಂದೆ. ಅವಳು ಹೋಗಿ ಕುಳಿತಳು.

ಮುಂದಿನ ತಿಂಗಳು ಅವಳು ಶಾಲೆಗೆ ಬರುವುದು ನಿಂತಿತು. ತಂದೆ ಅಂಗಡಿಯಲ್ಲಿ ಕೂಡಿಸಿಕೊಂಡಿದ್ದಾನೆಂದು ಗೆಳತಿಯರು ಹೇಳಿದರು. ಹತ್ತು ದಿನ ಕಾದೆ. ಆಮೇಲೆ ಒಂದು ಸಂಜೆ, ಅವಳು ಬಿಟ್ಟುಹೋಗಿದ್ದ ಪ್ರಬಂಧದ ಪುಸ್ತಕವನ್ನು ಕೈಯಲ್ಲಿ ಹಿಡಿದು, ಮನೆಯನ್ನು ಹುಡುಕಿಕೊಂಡು ಹೊರಟೆ. ಹಾಜರಿ ಪುಸ್ತಕದಲ್ಲಿ ಇದ್ದುದು ಬೀದಿಯ ಹೆಸರು ಮಾತ್ರ. ಚರ್ಚೇನೋ ಸಿಕ್ಕಿತು. ಅದರ ಹಿಂದಿನ ಓಣಿಗಳಲ್ಲಿ, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಒಂದು ಗಂಟೆ ಅಲೆದೆ. ದೀಪ ಹತ್ತುವ ಹೊತ್ತಾಯಿತು. ಬೀದಿ ನಲ್ಲಿಯಲ್ಲಿ ಕೊಡ ತುಂಬುತ್ತಿದ್ದ ಮುದುಕಿಯೊಬ್ಬಳು, “ಯಾರನ್ನ ಹುಡುಕ್ತಾ ಇದ್ದೀರಿ ಸ್ವಾಮಿ?” ಎಂದು ಕೇಳಿದಳು. ಚರ್ಚಿನ ಹಿಂದೆ ಇರುವ ತರಕಾರಿಯವರ ಮನೆ ಎಂದೆ. ಮುದುಕಿ ನಕ್ಕಳು. “ಹಿಂದೆ ಅಂದ್ರೆ ಐವತ್ತು ಮನೆ ಇದಾವೆ. ಹಿಂದೇನೇ ಇರೋದು ಒಂದೇ ಮನೆ. ಅದೇನಾ ನೋಡಿ.”

ಅದೇ ಆಗಿತ್ತು. ಚರ್ಚಿನ ಕಾಂಪೌಂಡು ಗೋಡೆಯೇ ಆ ಮನೆಯ ಹಿತ್ತಿಲ ಗೋಡೆ. ನಾನು ಯಾವ ಮಾತನ್ನು ಹೊಡೆದುಹಾಕಿದ್ದೆನೋ ಆ ಮಾತೊಂದೇ ನನ್ನನ್ನು ಅಲ್ಲಿಗೆ ಕರೆದೊಯ್ಯಬಲ್ಲ ಮಾತಾಗಿತ್ತು.

ತಂದೆ ಮರ್ಯಾದೆಯಿಂದ ಕುರ್ಚಿ ಕೊಟ್ಟ. ಮಗಳ ವಿಷಯ ಎತ್ತಿದಾಗ, “ಕೈಯಾಳು ಇಲ್ಲ ಸಾರ್, ಏನು ಮಾಡಲಿ?” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕ ತೆರೆದು ಅವನಿಗೂ ಹುಡುಗಿಗೂ ಆ ವಾಕ್ಯವನ್ನು ತೋರಿಸಿ, “ಇಲ್ಲಿ ತಪ್ಪು ಮಾಡಿದವನು ನಾನು, ನಿಮ್ಮ ಮಗಳಲ್ಲ. ಈ ಮಾತು ನನಗೆ ತಿಳಿದಿರಲಿಲ್ಲ, ಅವಳಿಗೆ ತಿಳಿದಿತ್ತು” ಎಂದು ಹೇಳಿ, ಕಳೆದ ಅರ್ಧ ಅಂಕವನ್ನು ಮತ್ತೆ ಸೇರಿಸಿ ರುಜು ಹಾಕಿದೆ. ಅವನು ಆ ಪುಟವನ್ನು ಬಹಳ ಹೊತ್ತು ನೋಡಿದ. ಓದಲು ಬರುತ್ತಿರಲಿಲ್ಲವೆಂದು ತೋರುತ್ತದೆ. ಕೊನೆಗೆ, “ಬೆಳಗಿನ ವ್ಯಾಪಾರ ಮುಗಿಸಿಕೊಂಡು ಬರ್ತಾಳೆ, ತಡ ಆದ್ರೆ ಬೈಯಬೇಡಿ” ಎಂದ. ಅವಳು ಆ ವರ್ಷವೆಲ್ಲ ಒಂದು ಪೀರಿಯಡ್ ತಡವಾಗಿ ಬಂದಳು. ನಾನು ಬೈಯಲಿಲ್ಲ.

ಇನ್ನು ವ್ಯಾಕರಣ. ಕ್ರಿಯಾವಿಶೇಷಣವು ಕ್ರಿಯಾಪದವನ್ನೋ ಗುಣವಾಚಕವನ್ನೋ ಇನ್ನೊಂದು ಕ್ರಿಯಾವಿಶೇಷಣವನ್ನೋ ವಿಶೇಷಿಸುತ್ತದೆ ಎಂದು ನಾನು ಕಂಠಪಾಠ ಮಾಡಿದ್ದೆ. ಅದು ‘ಬಿಹೈಂಡ್ ದಿ ಚರ್ಚ್’ ಎಂಬಂಥ ಇಡೀ ಪದಸಮೂಹದ ಮುಂದೆ ನಿಂತು ಅದಕ್ಕೆ ಒತ್ತುಕೊಡಬಲ್ಲುದೆಂಬುದು ನನ್ನ ಮನಸ್ಸಿಗೆ ಇಳಿದಿರಲಿಲ್ಲ. ‘ಸ್ಟ್ರೇಟ್ ಟು ದಿ ಸ್ಟೇಷನ್’ ಎಂದರೆ ಎಲ್ಲಿಯೂ ನಿಲ್ಲದೆ ನೇರವಾಗಿ ಸ್ಟೇಷನ್ನಿಗೆ. ‘ಜಸ್ಟ್ ಬಿಯಾಂಡ್ ದಿ ಲೇಕ್’ ಎಂದರೆ ಹಲಸೂರು ಕೆರೆ ದಾಟಿದೊಡನೆಯೇ. ‘ವೆಲ್ ಬಿಫೋರ್ ನೂನ್’ ಎಂದರೆ ಮಧ್ಯಾಹ್ನಕ್ಕೆ ಸಾಕಷ್ಟು ಮುಂಚೆ. ಇವು ಬರಿಯ ಅಲಂಕಾರಗಳಲ್ಲ, ಅಳತೆಗಳು. ಹತ್ತಿರವೆಷ್ಟು, ದೂರವೆಷ್ಟು, ಮುಂಚೆಯೆಷ್ಟು ಎಂಬುದನ್ನು ಅವು ಹೇಳುತ್ತವೆ. ‘ರೈಟ್’ ಎಂಬುದು ಈ ಕೆಲಸವನ್ನು ಸ್ಥಳ ಕಾಲಗಳನ್ನು ಹೇಳುವ ಮಾತುಗಳ ಮುಂದೆ ಮಾಡುತ್ತದೆ; ಪೆನ್ನಿನಿಂದ ಬರೆದೆ ಎನ್ನುವಾಗ ಆ ‘ವಿತ್’ ಎಂಬುದರ ಮುಂದೆ ಅದಕ್ಕೆ ಜಾಗವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ನೇರ’ ಎಂಬ ಅರ್ಥವಿತ್ತು. ನಮ್ಮ ‘ಸರಿ’ಯ ಜಾತಕವೂ ಇಂಥದೇ ಅಲ್ಲವೆ? ‘ಸರಿಯಾದ ಉತ್ತರ’ ಎನ್ನುತ್ತೇವೆ, ‘ಸರಿಯಾಗಿ ಹನ್ನೆರಡು ಗಂಟೆಗೆ’ ಎನ್ನುತ್ತೇವೆ, ‘ಸರಿರಾತ್ರಿ’ ಎಂದೂ ಎನ್ನುತ್ತೇವೆ. ಇದು ಆಗಲೇ ಹೊಳೆದಿದ್ದರೆ ನನ್ನ ಕೆಂಪು ಶಾಯಿ ಉಳಿಯುತ್ತಿತ್ತು.

ವ್ಯತ್ಯಾಸವಿರುವುದು ಒತ್ತು ಬೀಳುವ ಜಾಗದಲ್ಲಿ. ಇಂಗ್ಲಿಷ್ ತನ್ನ ಒತ್ತನ್ನು ಪದಸಮೂಹದ ತಲೆಯ ಮೇಲೆ ಇಡುತ್ತದೆ. ಕನ್ನಡದಲ್ಲಿ ‘ಹಿಂದೆ’, ‘ಒಳಗೆ’, ‘ಮೇಲೆ’ ಎಂಬ ಮಾತುಗಳು ನಾಮಪದದ ಅನಂತರ ಬರುತ್ತವೆ; ಅವಧಾರಣೆಯ ‘ಏ’ಕಾರ ಅವುಗಳ ಬಾಲಕ್ಕೆ ಅಂಟಿಕೊಳ್ಳುತ್ತದೆ. ‘ಚರ್ಚಿನ ಹಿಂದೆಯೇ’, ‘ಮನೆಯೊಳಗೇ’. ಅಷ್ಟು ಸಾಲದೆಂದು ತೋರಿದರೆ ಮಾತನ್ನೇ ಇಮ್ಮಡಿಸಿ ‘ನಟ್ಟನಡುವೆ’, ‘ತುತ್ತತುದಿ’, ‘ಕಟ್ಟಕಡೆಗೆ’, ‘ಮೊಟ್ಟಮೊದಲು’ ಎನ್ನುತ್ತೇವೆ. ಇಂಗ್ಲಿಷಿನ ‘ರೈಟ್ ಇನ್ ದಿ ಮಿಡಲ್’ ಎಂಬ ನಾಲ್ಕು ಮಾತುಗಳ ಭಾರವನ್ನು ‘ನಟ್ಟನಡುವೆ’ ಎಂಬ ಒಂದೇ ಮಾತು ಹೊರುತ್ತದೆ.

ನಮ್ಮ ಮಕ್ಕಳು ಇಂಗ್ಲಿಷಿಗೆ ಹೋಗುವಾಗ ಈ ‘ಏ’ಕಾರವನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ. ಅದನ್ನು ‘ಓನ್ಲಿ’ ಎಂಬ ಅಂಗಿ ತೊಡಿಸಿ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ‘ಹಲಸೂರಿನಲ್ಲೇ ಇದ್ದೇನೆ’ ಎಂಬುದು ‘ಐ ಆಮ್ ಇನ್ ಹಲಸೂರು ಓನ್ಲಿ’ ಆಗುತ್ತದೆ. ಇಂಗ್ಲಿಷರ ಕಿವಿಗೆ ಅದು ‘ಹಲಸೂರಿನಲ್ಲಿ ಮಾತ್ರ’ ಎಂದು ಕೇಳಿಸುತ್ತದೆ. ‘ಏ’ ಬೇರೆ, ‘ಮಾತ್ರ’ ಬೇರೆ. ‘ಭಾನುವಾರವೇ ಬರುತ್ತೇನೆ’ ಎಂದವನು ಬೇಗ ಬರುವ ಭರವಸೆ ಕೊಡುತ್ತಾನೆ. ‘ಭಾನುವಾರ ಮಾತ್ರ ಬರುತ್ತೇನೆ’ ಎಂದವನು ಉಳಿದ ಆರು ದಿನಗಳಿಗೆ ಬಾಗಿಲು ಹಾಕುತ್ತಾನೆ. ಕೆಲಸ ಕೇಳಿಕೊಂಡು ಹೋದ ತರುಣನ ಮಾತಿನಲ್ಲಿ ಇವು ಅದಲುಬದಲಾದರೆ ಕೇಳುವವರು ನಗುತ್ತಾರೆ, ಕೆಲವು ಸಲ ತಪ್ಪಾಗಿ ತಿಳಿಯುತ್ತಾರೆ. ಆದ್ದರಿಂದ ಕಲಿಸಬೇಕಾದದ್ದು ನಿಜ. ಆದರೆ ಅದು ಹುಡುಗನ ದಡ್ಡತನವಲ್ಲ, ಅವನ ತಾಯಿನುಡಿಯ ನಡಿಗೆ ಎಂದು ತಿಳಿದು ಕಲಿಸುವುದಕ್ಕೂ, ಹೊಡೆದುಹಾಕಿ ಕೂತುಕೋ ಎನ್ನುವುದಕ್ಕೂ ಬಹಳ ಅಂತರವಿದೆ.

ಮಹಾತ್ಮ ಗಾಂಧಿ ರಸ್ತೆಯಲ್ಲಿ ಫರ್ಡಿನೆಂಡ್ ಕಿಟ್ಟೆಲರ ಪ್ರತಿಮೆ ಇದೆ. ಜರ್ಮನಿಯಿಂದ ಬಂದ ಆ ಪಾದ್ರಿ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನೂ, 1903ರಲ್ಲಿ ಕನ್ನಡ ವ್ಯಾಕರಣವನ್ನೂ ಹೊರತಂದರು. ನಮ್ಮ ಸಣ್ಣ ಸಣ್ಣ ಅವ್ಯಯಗಳನ್ನೂ ಪರಕೀಯನೊಬ್ಬನು ಇಷ್ಟು ವಿನಯದಿಂದ ಕೇಳಿ ಬರೆದುಕೊಂಡನಲ್ಲ, ನನ್ನ ತರಗತಿಯ ಹುಡುಗಿಯನ್ನು ನಾನು ಒಂದು ಪ್ರಶ್ನೆಯನ್ನಾದರೂ ಕೇಳಬಾರದಿತ್ತೆ ಎಂದು ಆ ಪ್ರತಿಮೆಯನ್ನು ಕಂಡಾಗಲೆಲ್ಲ ಅನ್ನಿಸುತ್ತದೆ. ‘ಯಾಕಮ್ಮಾ ಬೇಕು?’ ಎಂದಿದ್ದರೆ ಸಾಕಾಗಿತ್ತು.

ಈಗ ಟ್ರಿನಿಟಿ, ಹಲಸೂರು, ಇಂದಿರಾನಗರಗಳನ್ನು ಹಾದು ಕೆ.ಆರ್. ಪುರದ ಕಡೆಗೆ ಮೆಟ್ರೊ ಓಡುತ್ತದೆ. ಮೊನ್ನೆ ಅದರಲ್ಲಿ ನನ್ನ ಪಕ್ಕದಲ್ಲಿದ್ದ ಯುವಕನೊಬ್ಬ ಫೋನಿನಲ್ಲಿ, “ಐ ಆಮ್ ಇನ್ ದಿ ಟ್ರೇನ್ ಓನ್ಲಿ, ಅಮ್ಮಾ” ಎಂದ. ‘ರೈಲಿನಲ್ಲೇ ಇದ್ದೇನೆ, ಗಾಬರಿಪಡಬೇಡ’ ಎಂದು ಅವನು ಹೇಳುತ್ತಿದ್ದ. ಆ ತಾಯಿಗೆ ಅದು ಸರಿಯಾಗಿಯೇ ಕೇಳಿಸಿರಬೇಕು. ನನ್ನ ಕಿಸೆಯಲ್ಲಿ ಕೆಂಪು ಪೆನ್ನು ಇತ್ತು. ಅದನ್ನು ಅಲ್ಲಿಯೇ ಇರಗೊಟ್ಟೆ.