ಹಳೆಯ ಬಿಲ್ಲಿನ ತಗಾದೆ

ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗೆ ಹೋಗುವವರು ಘಟ್ಟದ ಹದಿನೇಳು ತಿರುವುಗಳನ್ನು ಏರಬೇಕು. ಮೇಲೆ ಏಲಕ್ಕಿಯ ತೋಟಗಳು. ಅಲ್ಲಿಂದಾಚೆ ಕೇರಳದ ಇಡುಕ್ಕಿ ಜಿಲ್ಲೆ. ಕೆಳಗಿನ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳುಂಟು. ದುಡಿಮೆಗಾಗಿ ಗಡಿ ದಾಟುವುದೂ ಮನೆ ಬದಲಿಸುವುದೂ ಈ ಸೀಮೆಯವರಿಗೆ ಹೊಸದಲ್ಲ. ಮನೆ ಬದಲಾದಾಗ ಅಂತರಜಾಲದ ಸಂಪರ್ಕವೂ ಬದಲಾಗುತ್ತದೆ. ಎರಡು ಮೂರು ವರ್ಷಗಳು ಕಳೆದ ಮೇಲೆ, ಮರೆತೇ ಹೋಗಿದ್ದ ಹಳೆಯ ಕಂಪನಿಯ ಹೆಸರಿನಲ್ಲಿ ಇಂಗ್ಲಿಷಿನ ಕಾಗದವೊಂದು ಬರುತ್ತದೆ: ಇಷ್ಟು ಬಾಕಿ ಇದೆ, ಏಳು ದಿನಗಳೊಳಗೆ ಕಟ್ಟತಕ್ಕದ್ದು, ತಪ್ಪಿದರೆ ನ್ಯಾಯಾಲಯ. ಅದನ್ನು ಅಜ್ಜನಿಗೋ ತಾಯಿಗೋ ಓದಿ ಹೇಳುವ ಭಾರ ಬಹುಮಟ್ಟಿಗೆ ಶಾಲೆಗೆ ಹೋಗುವ ಮಕ್ಕಳ ಮೇಲೆಯೇ ಬೀಳುತ್ತದೆ. ಆದುದರಿಂದ ಮಕ್ಕಳೂ ಹಿರಿಯರೂ ಈ ವಿಷಯವನ್ನು ಒಟ್ಟಿಗೆ ತಿಳಿದುಕೊಳ್ಳುವುದು ಒಳ್ಳೆಯದು.

ಕಾಗದ ಕಂಡೊಡನೆ ಹೆದರಿ ಹಣ ಕಟ್ಟುವವರುಂಟು, ಹರಿದೆಸೆಯುವವರೂ ಉಂಟು. ಎರಡೂ ಸರಿಯಲ್ಲ. ಮೊದಲು ನೋಡಬೇಕಾದುದು ತಾರೀಖುಗಳನ್ನು. ಬಿಲ್ಲು ಯಾವ ತಿಂಗಳುಗಳದು? ಸಂಪರ್ಕವನ್ನು ರದ್ದುಮಾಡಿರೆಂದು ನಾವು ತಿಳಿಸಿದ್ದು ಎಂದು? ಮೋಡೆಮ್ ಹಿಂದಿರುಗಿಸಿದ ರಸೀದಿ ಎಲ್ಲಿದೆ? ಹಣ ಕಟ್ಟುವುದನ್ನು ನಿಲ್ಲಿಸಿದರೆ ಸಂಪರ್ಕವು ತಾನಾಗಿಯೇ ಮುಗಿಯಿತೆಂದು ನಾವು ಭಾವಿಸುತ್ತೇವೆ. ಕಂಪನಿಯ ಲೆಕ್ಕದಲ್ಲಿಯಾದರೋ ತಿಂಗಳ ಬಾಡಿಗೆ ಏರುತ್ತಲೇ ಇರಬಹುದು. ಅದರ ಮೇಲೆ ಮೋಡೆಮಿನ ಬೆಲೆ ಸೇರಿರಬಹುದು. ನಾವು ಕೊಟ್ಟ ಠೇವಣಿ ಮಾತ್ರ ಕಳೆಯದೇ ಉಳಿದಿರಬಹುದು. ನಿಜವಾಗಿ ಬಳಸಿದ ತಿಂಗಳ ಹಣ ಬಾಕಿಯಿದ್ದರೆ ಅದನ್ನು ಕೊಡುವುದೇ ಧರ್ಮ. ತಕರಾರು ಬಳಸದ ತಿಂಗಳುಗಳದ್ದು.

ಇಲ್ಲಿ ಹೆಚ್ಚಿನವರು ಅರಿಯದ ಒಂದು ಸಂಗತಿಯಿದೆ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಇಂತಹ ಬಾಕಿಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯುಂಟು. ಅವಧಿ ಕಳೆದರೆ ಸಾಲವು ಅಳಿಯುವುದಿಲ್ಲ. ದಾವೆಯ ಮೂಲಕ ವಸೂಲು ಮಾಡುವ ಬಾಗಿಲು ಮಾತ್ರ ಮುಚ್ಚುತ್ತದೆ. ಆದರೆ ಆ ಬಾಗಿಲನ್ನು ನಮ್ಮ ಕೈಯಿಂದಲೇ ತೆರೆದುಕೊಡಬಹುದು! ಅವಧಿ ಮುಗಿಯುವ ಮೊದಲು “ಬಾಕಿಯಿರುವುದು ನಿಜ, ಸ್ವಲ್ಪ ಕಾಲಾವಕಾಶ ಕೊಡಿ” ಎಂದು ಬರೆದು ರುಜು ಹಾಕಿದರೆ, ಆ ಕಾಯಿದೆಯ 18ನೆಯ ಕಲಮಿನಂತೆ ಎಣಿಕೆಯು ಆ ದಿನದಿಂದ ಮತ್ತೆ ಮೊದಲಾಗುತ್ತದೆ. ಸ್ವಲ್ಪ ಹಣ ಕಟ್ಟಿ ಅದನ್ನು ಬರೆದುಕೊಟ್ಟರೂ 19ನೆಯ ಕಲಮಿನಂತೆ ಹಾಗೆಯೇ. ಅವಧಿ ಮುಗಿದ ಮೇಲೆ “ಕೊಡುತ್ತೇನೆ” ಎಂದು ಬರೆದು ರುಜು ಹಾಕಿದರೆ, 1872ರ ಕರಾರು ಕಾಯಿದೆಯ 25ನೆಯ ಕಲಮು ಆ ಮಾತನ್ನೇ ಸಿಂಧುವಾದ ಕರಾರೆಂದು ಎಣಿಸುತ್ತದೆ. ವಿನಯಕ್ಕಾಗಿ ಬರೆದ ಒಂದು ಸಾಲು ಮುಗಿದುಹೋದ ತಗಾದೆಗೆ ಜೀವ ಕೊಡುವುದು ಹೀಗೆ.

ಹಾಗೆಂದು ಉತ್ತರಿಸದೆ ಇರಬೇಕಾಗಿಲ್ಲ. ಹೀಗೆ ಬರೆದರೆ ಸಾಕು: “ತಮ್ಮ ಇಂಥ ತಾರೀಖಿನ ಪತ್ರ ತಲುಪಿತು. ಅದರಲ್ಲಿ ಹೇಳಿರುವ ಬಾಕಿಯನ್ನು ನಾನು ಒಪ್ಪುವುದಿಲ್ಲ. ಇಂಥ ದಿನ ಸಂಪರ್ಕವನ್ನು ರದ್ದುಮಾಡುವಂತೆ ತಿಳಿಸಿ ಮೋಡೆಮನ್ನು ಹಿಂದಿರುಗಿಸಿರುತ್ತೇನೆ. ರಸೀದಿಯ ನಕಲು ಇದರೊಡನಿದೆ. ತಿಂಗಳುವಾರು ಲೆಕ್ಕವನ್ನೂ ಠೇವಣಿಯ ವಿವರವನ್ನೂ ಕಳುಹಿಸಬೇಕು.” ಬೇರೊಂದು ವಸೂಲಿ ಸಂಸ್ಥೆಯಿಂದ ಕಾಗದ ಬಂದಿದ್ದರೆ, ಕಂಪನಿಯು ಅವರಿಗೆ ಕೊಟ್ಟ ಅಧಿಕಾರಪತ್ರದ ನಕಲನ್ನೂ ಕೇಳಬೇಕು. ಮಕ್ಕಳು ಬರೆದುಕೊಡಲಿ, ರುಜು ಮಾತ್ರ ಸಂಪರ್ಕವು ಯಾರ ಹೆಸರಿನಲ್ಲಿತ್ತೋ ಅವರದೇ ಆಗಿರಬೇಕು. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ನಕಲಿನೊಡನೆ ಕಟ್ಟಿಡಬೇಕು. ಮೊಬೈಲಿಗೆ ಬಂದ ಕೊಂಡಿಯನ್ನು ಒತ್ತಿ ಹಣ ಕಟ್ಟುವುದಂತೂ ಬೇಡ. ಅದು ಕಳ್ಳರ ಕೈಚಳಕವೂ ಆಗಿರಬಹುದು.

ಕಂಪನಿಯ ದೂರು ಕೇಂದ್ರದಲ್ಲಿ ದೂರು ಕೊಟ್ಟು ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅಲ್ಲಿ ಸಮಾಧಾನ ದೊರೆಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರವುಂಟು. ಟ್ರಾಯ್ ಸಂಸ್ಥೆಯ 2012ರ ನಿಯಮಗಳು ಈ ಏರ್ಪಾಡನ್ನು ವಿಧಿಸಿವೆ. ಟ್ರಾಯ್ ತಾನೇ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಲೋಕ ಅದಾಲತಿನಿಂದ ನೋಟೀಸು ಬಂದರೆ ಗಾಬರಿಯಾಗಬಾರದು. ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಒಪ್ಪಿ ರುಜು ಹಾಕಿದ ಮೇಲೆ ಮೇಲ್ಮನವಿಯಿಲ್ಲವೆಂಬುದನ್ನು ನೆನಪಿಡಬೇಕು. ನ್ಯಾಯಾಲಯದ ಸಮನ್ಸ್ ಬಂದರಂತೂ ಅವಧಿ ಮೀರಿದೆಯೆಂದು ಮನೆಯಲ್ಲಿ ಕೂರದೆ ಹಾಜರಾಗಿಯೇ ಹೇಳಬೇಕು.

ಗ್ರಾಹಕ ಆಯೋಗದ ದಾರಿ ಕೆಲವು ವರ್ಷ ಮಸುಕಾಗಿತ್ತು. 1885ರ ಟೆಲಿಗ್ರಾಫ್ ಕಾಯಿದೆಯ ಒಂದು ಕಲಮನ್ನು ಮುಂದಿಟ್ಟು, ದೂರವಾಣಿಯ ವ್ಯಾಜ್ಯಗಳು ಗ್ರಾಹಕ ವೇದಿಕೆಗೆ ಬರತಕ್ಕವಲ್ಲವೆಂದು ಕಂಪನಿಗಳು ವಾದಿಸುತ್ತಿದ್ದವು. ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ಲು ಬರುತ್ತಿದ್ದ ಅಹಮದಾಬಾದಿನ ಗ್ರಾಹಕರೊಬ್ಬರಿಗೆ 2013ರಲ್ಲಿ ಒಂದೇ ತಿಂಗಳಿಗೆ 24,609 ರೂಪಾಯಿಯ ಮೊಬೈಲ್ ಬಿಲ್ಲು ಬಂತು. ಅವರು ವೋಡಾಫೋನಿನ ಮೇಲೆ ಕೊಟ್ಟ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರ ಫೆಬ್ರವರಿ 16ರಂದು ಆ ವಾದವು ಬಿದ್ದುಹೋಯಿತು. ಬಿಲ್ಲಿನ ಸರಿತಪ್ಪನ್ನು ಅಂದು ತೀರ್ಮಾನಿಸಲಿಲ್ಲ. ಗ್ರಾಹಕ ವೇದಿಕೆಯು ವಿಚಾರಿಸಬಹುದೆಂಬುದು ಮಾತ್ರ ಸ್ಥಿರವಾಯಿತು.

ಬೋಡಿಮೆಟ್ಟಿನಂತಹ ಗಡಿಯೂರಿನವರಿಗೆ ಇನ್ನೊಂದು ಅನುಕೂಲವಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೇರಳದ ತೋಟದ ಮನೆಯಲ್ಲಿದ್ದಾಗ ಪಡೆದ ಸಂಪರ್ಕದ ಬಿಲ್ಲಿಗೆ, ಈಗ ಬೋಡಿಯಲ್ಲಿ ನೆಲೆಸಿದವರು ತೇನಿಯಲ್ಲಿ ದೂರು ಸಲ್ಲಿಸಬಹುದು. ತಕರಾರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಅದು ಸಲ್ಲಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಹೇಗೆ ಆರಂಭಿಸಬೇಕೆಂದು ತಿಳಿಯದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರವಾಣಿ ಮಾಡಿ ಕೇಳಬಹುದು.